ಭಾವ ಕೂರಿಸಿದ ಕಾವು

ತನ್ನಷ್ಟಕ್ಕೆ ನಡೆಯುವ ಕೆಲಸವನ್ನು ನಡೆಯಗೊಡದ ಜನರಿದ್ದಾರೆ. ಹಾಲು ಹೆಪ್ಪಾಗುವುದನ್ನೂ ನಾಲ್ಕು ಸಲ ಮುಚ್ಚಳ ತೆಗೆದು ನೋಡುತ್ತಾರೆ. ಅಕ್ಕನ ಗಂಡ, ತಲಪಾಡಿಯ ನಮ್ಮ ಭಾವ, ಆ ಪೈಕಿ. ತಿರುವನಂತಪುರದ ಕಳಕ್ಕೂಟಂನಲ್ಲಿ 1990ರಲ್ಲಿ ಹುಟ್ಟಿದ ಟೆಕ್ನೋಪಾರ್ಕಿನಲ್ಲಿ ಕೆಲಸ. ಊರಿನಲ್ಲಿ ಹಾಯುವ ಹೆದ್ದಾರಿ 66 ಇಲ್ಲಿಯೂ ಹಾಯುವುದರಿಂದ ತಾನು ಊರು ಬಿಟ್ಟೇ ಇಲ್ಲ ಎಂಬುದು ಅವರ ವಾದ. ಅದಕ್ಕೆ ಪುರಾವೆಯಾಗಿ ಬಾಡಿಗೆ ಮನೆಯ ಹಿತ್ತಲಲ್ಲಿ ಒಂದು ನಾಟಿ ಹೇಂಟೆ.

ಒಂದು ಬೆಳಿಗ್ಗೆ ಅದು ಗೂಡು ಬಿಟ್ಟೇಳಲಿಲ್ಲ. ಹತ್ತಿರ ಹೋದರೆ ಗರಿ ಉಬ್ಬಿಸಿ ಕುಕ್ಕಿತು. ಭಾವ ಪಶುವೈದ್ಯರ ನಂಬರು ಹುಡುಕುವಷ್ಟರಲ್ಲಿ ಪಕ್ಕದ ಮನೆಯ ಚೇಚಿ ಬೇಲಿಯಾಚೆಯಿಂದಲೇ ನೋಡಿ, "ಕಾವಿಗೆ ಕೂತಿದೆ ಮೋನೇ" ಎಂದರು. ಮೊಟ್ಟೆಗೆಂದೇ ತಳಿ ಎಬ್ಬಿಸಿದ ಫಾರಂ ಕೋಳಿಗಳು ಈ ಗುಣವನ್ನು ಬಹುಮಟ್ಟಿಗೆ ಮರೆತಿವೆ, ನಾಟಿ ಮರೆತಿಲ್ಲ. ಆದರೆ ಹುಂಜವಿಲ್ಲದ ಮನೆಯ ಮೊಟ್ಟೆಯಲ್ಲಿ ಮರಿ ಎಲ್ಲಿಂದ ಬರಬೇಕು? ಚೇಚಿಯೇ ತಮ್ಮ ಮನೆಯಿಂದ ಒಂಬತ್ತು ಮೊಟ್ಟೆ ತಂದಿಟ್ಟರು. ಗುಡುಗಿಗೆ ಮೊಟ್ಟೆ ಕೆಡುತ್ತದೆಂದು ಗೂಡಿಗೊಂದು ಕಬ್ಬಿಣದ ಮೊಳೆ ಹಾಕಲು ಹೇಳಿದರು. ಸದಾ ವಿಜ್ಞಾನ ಮಾತಾಡುವ ಭಾವ ಎರಡು ಹಾಕಿದರು.

ಮರಿಯಾಗಲು 21 ದಿನ. ಅಷ್ಟಕ್ಕೂ ಎಕ್ಸೆಲ್ ಶೀಟ್ ತಯಾರಾಯಿತು. ಕಾವು 37.5 ಡಿಗ್ರಿ ಇರಬೇಕೆಂದು ಓದಿ ಹೇಂಟೆಯ ಹೊಟ್ಟೆಯಡಿ ಥರ್ಮಾಮೀಟರ್ ತೂರಿಸಿದರು. ಹೇಂಟೆ ಇದೂ ತನ್ನದೇ ಎಂದು ಕೊಕ್ಕಿನಿಂದ ಒಳಗೆಳೆದುಕೊಂಡು, ಮೊಟ್ಟೆಗಳ ಜೊತೆ ಹೊರಳಿಸತೊಡಗಿತು. ದಿನಕ್ಕೊಮ್ಮೆ ಅದೆದ್ದು ಕಾಳು ತಿಂದು ಮಣ್ಣಿನಲ್ಲಿ ಹೊರಳಾಡುವಾಗ ಭಾವನ ಜೀವ ಬಾಯಿಗೆ. "ಹದಿನಾಲ್ಕು ನಿಮಿಷ ಆಯ್ತು, ತಣ್ಣಗಾಗ್ತದೆ!" ಎಂದು ಆನ್‌ಲೈನ್ ಮೀಟಿಂಗಿನಲ್ಲೇ ಕೂಗಿದರಂತೆ, ಮೈಕ್ ಆನ್ ಇತ್ತು. ಏಳನೆಯ ರಾತ್ರಿ ಮೊಬೈಲ್ ಟಾರ್ಚಿಗೆ ಮೊಟ್ಟೆ ಹಿಡಿದು, ಒಳಗೆ ಜೇಡರ ಬಲೆಯಂತೆ ಹರಡಿದ ಕೆಂಪು ನರಗಳನ್ನು ಕಂಡಾಗ ಮಾತ್ರ ಬಾಯಿ ಮುಚ್ಚಿತು. ಎರಡರಲ್ಲಿ ನರವಿರಲಿಲ್ಲ, ಅಕ್ಕ ಅವನ್ನು ಸದ್ದಿಲ್ಲದೆ ತೆಗೆದಳು.

ಏಳು ಮರಿಗಳಾದವು. ಒಡಲಲ್ಲಿ ಉಳಿದ ಹಳದಿಯ ಬಲದಲ್ಲಿ ಮರಿ ಒಂದೆರಡು ದಿನ ಏನೂ ತಿನ್ನದೆ ಇರಬಲ್ಲದು. ಇದನ್ನು ನಮಗೆಲ್ಲ ವಿವರಿಸುತ್ತಲೇ ಭಾವ ನುಚ್ಚು, ರವೆ, ರಾಗಿಯ ಬಟ್ಟಲು ಸಾಲಿಟ್ಟರು. ಕಾಗೆ ಕಂಡರೆ ಹೇಂಟೆ ಕೂಗುತ್ತದೆ, ಮರಿಗಳು ರೆಕ್ಕೆಯಡಿ ಓಡುತ್ತವೆ. ಭಾವ ಕೂಗಿದರೆ ಭಾವನಿಗೇ ಹೆದರಿ ಓಡುತ್ತವೆ. ಫಲ ಒಂದೇ ಆದ್ದರಿಂದ ಎರಡನ್ನೂ ಅವರು ತಮ್ಮ ಲೆಕ್ಕಕ್ಕೇ ಬರೆದುಕೊಂಡರು.

ಎರಡು ತಿಂಗಳಾಗುವಾಗ ಹೇಂಟೆ ಮರಿಗಳನ್ನು ಕುಕ್ಕಿ ಅಟ್ಟತೊಡಗಿತು. ಭಾವ ತಲಪಾಡಿಗೆ ಫೋನು ಹಚ್ಚಿದರು.

"ಅಮ್ಮಾ, ಇದು ಮಕ್ಕಳನ್ನು ಓಡಿಸ್ತಾ ಉಂಟು. ಎಂತ ಮಾಡುದು?"

"ಎಂತ ಸಹ ಮಾಡ್ಬೇಡ ಮಗಾ. ಅದಕ್ಕೆ ಇನ್ನು ಮೊಟ್ಟೆ ಇಡ್ಲಿಕ್ಕುಂಟು."

"ಸರಿ. ಎಂತ ಸಹ ಮಾಡದೆ ಇರುದನ್ನು ಎಷ್ಟು ದಿನ ಮಾಡ್ಬೇಕು? ಶೀಟಲ್ಲಿ ಹಾಕ್ಲಿಕ್ಕೆ."