ಮುಲಾಮು ಮಹಾಶಯರಿಗೊಂದು ಬಹಿರಂಗ ಪತ್ರ

ದೊಡ್ಡಬೆಳವಂಗಲ

ಮಾನ್ಯ ಮುಲಾಮು ಮಹಾಶಯರೇ,

ನಾವು ಕ್ಷೇಮ. ತಮ್ಮ ಕ್ಷೇಮ ವಿಚಾರಿಸಬೇಕಾಗಿಲ್ಲ. ಹೋದ ಮನೆಗಳಲ್ಲೆಲ್ಲ, ಬಚ್ಚಲಿನ ಗೂಡಿನಲ್ಲಿ, ಸೋಪಿನ ಪಕ್ಕದಲ್ಲಿ, ಬಾಲದ ಕಡೆಯಿಂದ ಸುರುಳಿ ಸುತ್ತಿಕೊಂಡು ಮಲಗಿರುವ ತಮ್ಮ ದರ್ಶನ ಆಗುತ್ತಲೇ ಇದೆ.

ತಮ್ಮ ನಿಜವಾದ ಹೆಸರು ಹಿಡಿದು ಕರೆಯುವವರು ನಮ್ಮಲ್ಲಿ ಇಲ್ಲ. "ಅಣ್ಣಾ, ಆ ನವೆ ಟ್ಯೂಬ್ ಒಂದು ಕೊಡಿ" ಎಂದರೆ ಸಾಕು. ಅಂಗಡಿಯಾತ "ಹುಳುಕಡ್ಡೀದಾ, ಬೆಳ್ಳಗಾಗೋದಾ?" ಎಂದು ಕೇಳಿ, ಯಾವುದಕ್ಕಾದರೂ ತಮ್ಮ ವಂಶದವರನ್ನೇ ಎತ್ತಿ ಕೊಡುತ್ತಾನೆ. ಹುಳುಕಡ್ಡಿ, ಇಸುಬು, ಮೊಡವೆ, ಭಂಗು, ಸೊಳ್ಳೆ ಕಚ್ಚಿದ್ದು, ಮದುವೆ ಗೊತ್ತಾಗದ್ದು, ಎಲ್ಲಕ್ಕೂ ಬೆರಳ ತುದಿಯಷ್ಟು ತಾವು.

ಇಂಥ ಉಪಕಾರಿಯ ಕುಲಗೋತ್ರ ತಿಳಿಯದಿದ್ದರೆ ಹೇಗೆಂದು ಸ್ವಲ್ಪ ಓದಿಕೊಂಡೆ. ದೊಡ್ಡ ಮನೆತನವೇ, ಹೆಸರು ಸ್ಟೀರಾಯ್ಡ್. ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕೂತ ಗ್ರಂಥಿಯ ಹಾರ್ಮೋನು ತಮ್ಮ ಮೂಲಪುರುಷ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ಸಂಧಿವಾತದಿಂದ ಕೈಕಾಲು ಬಿಗಿದುಹೋಗಿದ್ದ ಹೆಣ್ಣುಮಗಳೊಬ್ಬಳಿಗೆ ಅದರ ಚುಚ್ಚುಮದ್ದು ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದಳು. 1950ರಲ್ಲಿ ನೊಬೆಲ್ ಬಂತು. 1952ರಲ್ಲಿ ಸುಲ್ಜ್‌ಬರ್ಗರ್ ಮತ್ತು ವಿಟನ್ ಅದರ ಸೋದರ ಹೈಡ್ರೋಕಾರ್ಟಿಸೋನನ್ನು ಚರ್ಮಕ್ಕೆ ಹಚ್ಚಿ ನೋಡಿದರು, ಇಸುಬು ಇಳಿಯಿತು. ಅಲ್ಲಿಂದ ಮುಂದೆ ಹುಟ್ಟಿದ ಮೊಮ್ಮಕ್ಕಳಲ್ಲಿ ಕ್ಲೋಬೆಟಾಸೋಲ್ ಎಂಬಾತನ ಬಲ ಆ ಹೈಡ್ರೋಕಾರ್ಟಿಸೋನ್ ಅಜ್ಜನದಕ್ಕಿಂತ ಸುಮಾರು 600 ಪಟ್ಟು ಎನ್ನುತ್ತಾರೆ. ನಮ್ಮೂರಿನ ಗೂಡುಗಳಲ್ಲಿ ಹೆಚ್ಚಾಗಿ ಮಲಗಿರುವವನು ಇವನೇ.

ತಮ್ಮ ಬಲವನ್ನು ಅಳೆಯುವ ಬಗೆಯಂತೂ ಓದಿ ನಗು ಬಂತು. 1962ರಲ್ಲಿ ಮೆಕೆಂಜಿ, ಸ್ಟೌಟನ್ ಎಂಬಿಬ್ಬರು ರೂಪಿಸಿದ ಕ್ರಮವಂತೆ. ಮುಂದೋಳಿಗೆ ಸ್ಟೀರಾಯ್ಡ್ ಹಚ್ಚುವುದು, ಗಂಟೆಗಳು ಕಳೆದ ಮೇಲೆ ಆ ಜಾಗ ಎಷ್ಟು ಬಿಳಿಚಿದೆ ಎಂದು ನೋಡುವುದು. ಬಿಳಿಚಿದಷ್ಟೂ ಬಲ. ರಕ್ತನಾಳ ಮುದುಡಿ, ನೆತ್ತರು ಹಿಂದೆ ಸರಿದು ಬರುವ ಬಿಳುಪು ಅದು. ಪ್ರಯೋಗಶಾಲೆಯವರು ಅದನ್ನು ಔಷಧದ ತೂಕವೆಂದು ಬರೆದುಕೊಂಡರು. ನಮ್ಮವರು ಅದನ್ನೇ ಚೆಲುವು ಎಂದು ಓದಿಕೊಂಡರು. ಇಬ್ಬರೂ ನೋಡಿದ್ದು ಒಂದನ್ನೇ, ತಪ್ಪು ಯಾರದೆಂದು ಹೇಳಲಿ!

ತಮ್ಮ ಇನ್ನೊಂದು ಕವಲು ಮೂರು ಮದ್ದುಗಳ ಕೂಡಾವಳಿ. ಹೈಡ್ರೋಕ್ವಿನೋನ್, ಟ್ರೆಟಿನಾಯ್ನ್, ಜೊತೆಗೊಬ್ಬ ಸ್ಟೀರಾಯ್ಡ್. 1975ರಲ್ಲಿ ಇದನ್ನು ಪ್ರಕಟಿಸಿದವರಲ್ಲಿ ಒಬ್ಬರಾದ ಆಲ್ಬರ್ಟ್ ಕ್ಲಿಗ್‌ಮನ್, ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನ ಕೈದಿಗಳ ಚರ್ಮದ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿದವರು. ಆ ಕೈದಿಗಳಲ್ಲಿ ಹೆಚ್ಚಿನವರು ಕಪ್ಪು ಜನ. ಕ್ಲಿಗ್‌ಮನ್ ಅವರ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ ಇದಕ್ಕಾಗಿ 2021ರಲ್ಲಿ ಕ್ಷಮೆ ಕೇಳಿತು. ಭಂಗಿಗೆಂದು, ಕೆಲವು ವಾರಗಳ ಮಟ್ಟಿಗೆಂದು, ವೈದ್ಯರ ಕಣ್ಣಳತೆಯಲ್ಲಿ ಹಚ್ಚಬೇಕಾದ ಈ ಬಗೆಯ ಮದ್ದನ್ನು ನಮ್ಮ ಹುಡುಗಿಯರು ಪೌಡರಿಗೆ ಮೊದಲು ಹಚ್ಚಿಕೊಳ್ಳುತ್ತಾರೆ. ಕೈದಿಗಳಿಗೆ ಒಂದಿಷ್ಟು ದುಡ್ಡಾದರೂ ಸಿಗುತ್ತಿತ್ತು. ಇಲ್ಲಿ ನಾವೇ ಕೊಡುತ್ತೇವೆ.

ನಮ್ಮಕ್ಕನ ಮಗಳ ಸಂಗತಿ ಹೇಳುತ್ತೇನೆ, ತಮ್ಮ ದಾಖಲೆಗೆ ಇರಲಿ. ಬೆಳಗ್ಗೆ ವ್ಯಾನು ಹತ್ತಿ ದೊಡ್ಡಬಳ್ಳಾಪುರದ ಕಡೆ ಗಾರ್ಮೆಂಟ್ಸಿಗೆ ಹೋಗುವ ಹುಡುಗಿ. ಮೊಡವೆ ಕಲೆಗೆಂದು ತಮ್ಮನ್ನು ಬರಮಾಡಿಕೊಂಡಳು. ಹದಿನೈದು ದಿನ ಮುಖ ಹೊಳೆಯಿತು. ಲೈನಿನವರೆಲ್ಲ "ಏನ್ ಹಚ್ತೀಯೇ?" ಎಂದು ಕೇಳಿ ತಾವೂ ಒಂದೊಂದು ಟ್ಯೂಬ್ ತಂದರು. ಮೂರನೇ ತಿಂಗಳಿಗೆ ಕೆನ್ನೆಯಲ್ಲಿ ಕೆಂಪು ನರದ ಎಳೆಗಳು ಎದ್ದವು, ಬಿಸಿಲಿಗೆ ನಿಂತರೆ ಉರಿ. ಮೊಡವೆ ಹೋದದ್ದು ಬಡ್ಡಿಸಮೇತ ಬಂತು. ಬಿಟ್ಟರೆ ಇನ್ನೂ ಉರಿ, ಹಚ್ಚಿದರೆ ತಂಪು, ಆದ್ದರಿಂದ ಹಚ್ಚಿದಳು. ಆಮೇಲೆ ಮೇಲ್ದುಟಿಯಲ್ಲಿ, ಕೆನ್ನೆಯಲ್ಲಿ ಕೂದಲು. "ಬೆಳ್ಳಗಾಗು ಅಂದ್ರೆ ಮೀಸೆ ಬಂತಲ್ಲೇ" ಎಂದು ಅಕ್ಕ ಹಣೆ ಚಚ್ಚಿಕೊಂಡಳು. ಯಾರೋ ಅಂಡಾಶಯದ ಪಿಸಿಓಡಿ ತೊಂದರೆ ಇರಬಹುದು ಎಂದರು. ಸ್ಕ್ಯಾನಿಂಗ್ ಆಯಿತು, ರಕ್ತಪರೀಕ್ಷೆ ಆಯಿತು, ಗರ್ಭಕೋಶದ ಆಸುಪಾಸು ಏನೂ ಸಿಗಲಿಲ್ಲ. ಕೊನೆಗೆ ಬೆಂಗಳೂರಿನ ಚರ್ಮದ ಡಾಕ್ಟರೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: "ಟ್ಯೂಬ್ ತಂದಿದ್ದೀಯೇನಮ್ಮಾ?"

ಕೂದಲಿಗೊಬ್ಬ ತಜ್ಞ, ಚರ್ಮಕ್ಕೊಬ್ಬ, ಹಾರ್ಮೋನಿಗೊಬ್ಬ ಎಂದು ಪಟ್ಟಣದಲ್ಲಿ ಬೇರೆಬೇರೆ ಬೋರ್ಡು. ತಾವು ಮೂರನ್ನೂ ಬೆರಳುದ್ದದ ಟ್ಯೂಬಿನಲ್ಲಿ ಅಡಗಿಸಿಕೊಂಡಿದ್ದೀರಿ. ಬಹಳ ದಿನ ಬಹಳ ಜಾಗಕ್ಕೆ ಹಚ್ಚಿದರೆ ತಾವು ಚರ್ಮದಿಂದ ಒಳಗಿಳಿದು, ಆ ಟೋಪಿ ಗ್ರಂಥಿಗೇ "ನೀನು ದುಡಿಯಬೇಡ, ನಾನಿದ್ದೇನೆ" ಎನ್ನುತ್ತೀರಂತೆ. ಅದೂ ನಂಬಿ ಸುಮ್ಮನಾಗುತ್ತದೆ.

ಹುಳುಕಡ್ಡಿಯ ವಿಷಯದಲ್ಲಿ ತಮ್ಮ ಕೈಚಳಕ ಇನ್ನೂ ದೊಡ್ಡದು. ಹುಳುಕಡ್ಡಿ ಹುಳುವಲ್ಲ, ಬೂಷ್ಟು. ತಾವು ಬೂಷ್ಟನ್ನು ಮುಟ್ಟುವುದಿಲ್ಲ, ಅದನ್ನು ಕಂಡು ಕೂಗುವ ಮೈಯ ಕಾವಲುಗಾರನ ಬಾಯಿ ಮುಚ್ಚುತ್ತೀರಿ. ಎರಡು ದಿನಕ್ಕೆ ನವೆ ಮಾಯ, ಬೂಷ್ಟಿಗೆ ಹಬ್ಬ. ಉಂಗುರ ಅಳಿದು ಗುರುತೇ ಸಿಗದಂತೆ ಹರಡುತ್ತದೆ. 1968ರಲ್ಲೇ ವೈದ್ಯರು ಇದಕ್ಕೆ 'ಟೀನಿಯಾ ಇನ್‌ಕಾಗ್ನಿಟೊ' ಎಂದು ಹೆಸರಿಟ್ಟರು. ಅಂದರೆ ವೇಷ ಮರೆಸಿಕೊಂಡ ಹುಳುಕಡ್ಡಿ. ಬೂಷ್ಟಿನ ಮದ್ದನ್ನೂ ತಮ್ಮನ್ನೂ ಒಂದೇ ಟ್ಯೂಬಿಗೆ ತುಂಬಿದವರೂ ಇದ್ದಾರೆ, ಬೆಂಕಿ ಆರಿಸುವವನ ಜೊತೆಗೆ ಸೀಮೆಎಣ್ಣೆಯವನನ್ನೂ ಕಳಿಸಿದ ಹಾಗೆ. ತೊಡೆಸಂದಿಗೆ ಹಚ್ಚಿದ ನಮ್ಮ ಹುಡುಗರಿಗೆ ಬಸುರಿ ಹೆಂಗಸರ ಹೊಟ್ಟೆಯ ಮೇಲಿನಂಥ ಗೆರೆಗಳು ಬಂದಿವೆ. ಅವು ಹೋಗುವುದಿಲ್ಲ. ಹೋಗುವುದಿಲ್ಲವೆಂದು ಹೇಳಲು ಅವರಿಗೆ ಪಂಚೆ ಎತ್ತಿ ತೋರಿಸುವ ಧೈರ್ಯವೂ ಇಲ್ಲ.

ಈ ನಡುವೆ ಔಷಧಕ್ಕೆ ಬಗ್ಗದ ಹುಳುಕಡ್ಡಿಯ ತಳಿಯೊಂದು ಎದ್ದು ನಿಂತಿದೆ. ಜಪಾನಿನ ಸಂಶೋಧಕರು 2020ರಲ್ಲಿ ಅದಕ್ಕೆ 'ಟ್ರೈಕೋಫೈಟಾನ್ ಇಂಡೋಟಿನಿಯೆ' ಎಂದು ನಮ್ಮ ದೇಶದ ಹೆಸರನ್ನೇ ಇಟ್ಟರು. ಅದು ನ್ಯೂಯಾರ್ಕಿನಲ್ಲೂ ಕಾಣಿಸಿಕೊಂಡಿದೆಯೆಂದು 2023ರಲ್ಲಿ ವರದಿಯಾಯಿತು. ಅದು ಹೀಗೆ ಕೊಬ್ಬಲು ತಮ್ಮ ನೆರವೂ ಇದೆ ಎಂಬುದು ಚರ್ಮವೈದ್ಯರ ಗುಮಾನಿ. ನಮ್ಮ ಕಡೆಯವರಿಗೆ ವೀಸಾ ಸಿಗುವುದು ಕಷ್ಟ. ತೊಡೆಸಂದಿಯದ್ದಕ್ಕೆ ಸಿಕ್ಕಿದೆ.

ಮೊದಲಾದರೆ ಚರ್ಮಕ್ಕೆ ಏನಾದರೂ ಬಂದರೆ ನಮ್ಮವರು ಘಾಟಿ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತು, ಹುತ್ತದ ಮಣ್ಣು ಹಚ್ಚುತ್ತಿದ್ದರು. ವಾಸಿಯಾಗದಿದ್ದರೂ ಮೀಸೆಯಂತೂ ಬರುತ್ತಿರಲಿಲ್ಲ. ಅಲ್ಲಿ ಒಂದೇ ಶಿಲೆಯ ಮುಂದೆ ಸುಬ್ರಹ್ಮಣ್ಯ, ಹಿಂದೆ ನರಸಿಂಹ. ಹಿಂದಿನ ಮುಖ ಕಾಣಲೆಂದು ಕನ್ನಡಿ ಇಟ್ಟಿದ್ದಾರೆ. ತಮಗೂ ಎರಡು ಮುಖ. ಹಿಂದಿನದನ್ನು ನಮ್ಮ ಹುಡುಗಿ ಮೂರು ತಿಂಗಳಾದ ಮೇಲೆ ತನ್ನ ಮನೆಯ ಕನ್ನಡಿಯಲ್ಲೇ ಕಂಡಳು.

ತಮ್ಮ ಮೇಲೆ ಸಂಶೋಧನೆ ಆಗಿಲ್ಲವೆಂದೇನೂ ಅಲ್ಲ. ದೇಶದ 12 ಕೇಂದ್ರಗಳಲ್ಲಿ ಮುಖದ ಚರ್ಮದ ತೊಂದರೆಯಿಂದ ಬಂದ 2926 ಜನರನ್ನು ನೋಡಿ 2011ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ 433 ಜನರ ಮುಖದ ಮೇಲೆ ತಾವಿದ್ದಿರಿ. ಅರ್ಧಕ್ಕೂ ಹೆಚ್ಚು ಮಂದಿಗೆ ತಮ್ಮನ್ನು ಪರಿಚಯಿಸಿದವರು ವೈದ್ಯರಲ್ಲ. ಬಲವಾದ ಜಾತಿಯ ಮುಲಾಮನ್ನು ಹೆಚ್ಚು ಬಳಿದುಕೊಂಡವರು ಹಳ್ಳಿ ಮತ್ತು ಊರಂಚಿನ ಜನ. 2018ರ ಮಾರ್ಚಿನಲ್ಲಿ ಸರ್ಕಾರ ತಮ್ಮ ವಂಶದ 14 ಮಂದಿಯನ್ನು ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಸುದ್ದಿ ಇನ್ನೂ ದಾರಿಯಲ್ಲಿದೆ, ನಮ್ಮೂರಿನ ಕೌಂಟರಿಗೆ ಬಂದು ತಲುಪಿಲ್ಲ.

ಅಂಗಡಿಯವನೊಬ್ಬನನ್ನೇ ಬೈದು ಕೈತೊಳೆದುಕೊಳ್ಳಲು ಮನಸ್ಸಿಲ್ಲ. ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಗೆ ಡಾಕ್ಟರ ಹತ್ತಿರ ಹೋಗಲು ಬೆಂಗಳೂರಿನ ಬಸ್ಸೇನೋ ಪುಕ್ಕಟೆ, ರಜೆ ಪುಕ್ಕಟೆಯಲ್ಲ. ಒಂದು ದಿನ ತಪ್ಪಿಸಿದರೆ ಕೂಲಿಯ ಜೊತೆ ಅಟೆಂಡೆನ್ಸ್ ಬೋನಸ್ಸೂ ಹೋಗುತ್ತದೆ. ತಮಗಾದರೋ ಕ್ಯೂ ಇಲ್ಲ, ರಜೆ ಬೇಡ, ಭಾನುವಾರವೂ ಲಭ್ಯ. ತಮ್ಮಲ್ಲಿ ವಿಷವೇ ತುಂಬಿದೆ ಎಂದೂ ಅನ್ನಲಾರೆ. ಇಸುಬು, ಸೋರಿಯಾಸಿಸ್ ಇದ್ದವರಿಗೆ, ಲೆಕ್ಕ ಹಾಕಿ ಬರೆದುಕೊಟ್ಟರೆ, ತಾವು ನಿಜವಾಗಿಯೂ ಸಂಜೀವಿನಿ. ಇಷ್ಟು ಬಲವಾದ ಮದ್ದು ಹಳ್ಳಿಯವರೆಗೆ ಬಂತು, ಅದರ ಎಚ್ಚರಿಕೆ ಮಾತ್ರ ಇರುವೆಗಾತ್ರದ ಇಂಗ್ಲಿಷಿನಲ್ಲಿ ಮಡಿಸಿಟ್ಟ ಕಾಗದದಲ್ಲೇ ಉಳಿಯಿತು.

ಹುಡುಗಿ ಈಗ ತಮ್ಮ ಸಹವಾಸ ಬಿಡುತ್ತಿದ್ದಾಳೆ. ಒಮ್ಮೆಲೇ ಬಿಟ್ಟರೆ ಮುಖ ಉರಿದೇಳುತ್ತದೆಂದು ಡಾಕ್ಟರು ಮೆಲ್ಲಗೆ ಇಳಿಸುತ್ತಿದ್ದಾರೆ. ಹಾಗಾಗಿ ಈ ಪತ್ರವನ್ನು ಓದುತ್ತಿರುವ ತಾಯಂದಿರೇ, ಅಣ್ಣತಮ್ಮಂದಿರೇ, ಬಚ್ಚಲಿನ ಗೂಡಿನಲ್ಲಿರುವ ಟ್ಯೂಬನ್ನು ಇವತ್ತೇ ಬಿಡಿಸಿ ನೋಡಿ. ಮೂಲೆಯಲ್ಲಿ ಆರ್‌ಎಕ್ಸ್ (Rx) ಗುರುತು, ಹೆಸರಿನಲ್ಲಿ ಕ್ಲೋಬೆಟಾಸೋಲ್, ಬೆಟಾಮೆಥಾಸೋನ್, ಮೊಮೆಟಾಸೋನ್ ಎಂದಿದ್ದರೆ, ಬಹಳ ದಿನದಿಂದ ಹಚ್ಚುತ್ತಿದ್ದರೆ, ಅದನ್ನು ಕೈಯಲ್ಲಿ ಹಿಡಿದುಕೊಂಡೇ ಚರ್ಮದ ಡಾಕ್ಟರ ಹತ್ತಿರ ಹೋಗಿ. ಖಾಲಿಯಾಗಿದ್ದರೂ ಎಸೆಯಬೇಡಿ, ಅವರು ಮೊದಲು ಕೇಳುವುದು ಅದನ್ನೇ.

ಇಂತಿ ತಮ್ಮ ಮಾಜಿ ಗಿರಾಕಿ