ಛಾವಣಿ ರಾಯರು

ಮಗಳ ಬಾಣಂತನಕ್ಕೋ ಮಗನ ಘಟಿಕೋತ್ಸವಕ್ಕೋ ಲಂಡನ್ನಿಗೆ ಹೋದ ಕನ್ನಡಿಗರು ರಾಯರ ಕೈಯಿಂದ ತಪ್ಪಿಸಿಕೊಳ್ಳುವುದು ಕಷ್ಟ. ವಾರವಿಡೀ ಸಾಫ್ಟ್‌ವೇರು, ಶನಿವಾರ ಮಧ್ಯಾಹ್ನ ಮಾತ್ರ ಇತಿಹಾಸ. "ಊಟಕ್ಕೆ ಹೋಗೋಣ ಬನ್ನಿ" ಎಂದು ಹೊರಡಿಸುತ್ತಾರೆ. ಕರೆದೊಯ್ಯುವುದು ಫ್ಲೀಟ್ ಸ್ಟ್ರೀಟಿನ 'ದಿ ಓಲ್ಡ್ ಬ್ಯಾಂಕ್ ಆಫ್ ಇಂಗ್ಲೆಂಡ್' ಎಂಬ ಪಬ್ಬಿಗೆ.

ಬಾಗಿಲಲ್ಲೇ ಅಡ್ಡ ನಿಲ್ಲುತ್ತಾರೆ. "ತಡೀರಿ, ಮೊದಲು ಹೊರಗಿಂದ ನೋಡಿ!" 1888ರ ಕಟ್ಟಡ, ಪಕ್ಕದ ರಾಯಲ್ ಕೋರ್ಟ್ಸ್ ಆಫ್ ಜಸ್ಟಿಸ್‌ಗೆ ಅನುಕೂಲವಾಗಲೆಂದು ಬ್ಯಾಂಕ್ ಆಫ್ ಇಂಗ್ಲೆಂಡ್ ತೆರೆದ ಶಾಖೆ, ವಾಸ್ತುಶಿಲ್ಪಿ ಆರ್ಥರ್ ಬ್ಲೋಮ್‌ಫೀಲ್ಡ್, ಕಾದಂಬರಿಕಾರ ಥಾಮಸ್ ಹಾರ್ಡಿ ಎಳೆವಯಸ್ಸಿನಲ್ಲಿ ದುಡಿದದ್ದು ಇದೇ ಬ್ಲೋಮ್‌ಫೀಲ್ಡರ ಕಚೇರಿಯಲ್ಲಿ. ಇಷ್ಟೂ ಜಿಟಿಜಿಟಿ ಮಳೆಯಲ್ಲಿ, ಬೆಳಗ್ಗೆ ಎರಡೇ ಇಡ್ಲಿ ತಿಂದು ಹೊರಟವರ ಕಿವಿಗೆ.

ಒಳಗೆ ಕಾಲಿಟ್ಟರೆ, ಸುಳ್ಳೇಕೆ ಹೇಳಲಿ, ಕಣ್ಣು ತುಂಬುತ್ತದೆ. ಗಾರೆ ಕುಸುರಿಯ ಎತ್ತರದ ಛಾವಣಿ, ತೂಗುದೀಪಗಳು, ನಟ್ಟನಡುವೆ ಗರ್ಭಗುಡಿಯ ಹಾಗೆ ಬಾರ್ ಕೌಂಟರು. ಕೆಡವಿ ಮಾಲ್ ಎಬ್ಬಿಸದೆ, ನೋಟು ಎಣಿಸುತ್ತಿದ್ದ ಕಡೆಯೇ ಹೆಂಡ ಅಳೆಯಲು ಕೂತ ಈ ಜನರ ಜಾಣತನ ಮೆಚ್ಚಬೇಕಾದ್ದೇ. ರಾಯರು ಮಾತ್ರ ಎಲ್ಲವನ್ನೂ ತಾವೇ ನಿಂತು ಕಟ್ಟಿಸಿದವರ ಗತ್ತಿನಲ್ಲಿ ಕೈ ಬೀಸಿ ತೋರಿಸುತ್ತಾರೆ. ಎಲ್ಲರೂ ಕತ್ತೆತ್ತಬೇಕು. ಇಳಿಸಿದರೆ ಮೆನು ಕಂಡುಬಿಡುತ್ತದಲ್ಲ!

ಇಲ್ಲಿ ಕೌಂಟರಿಗೆ ಹೋಗಿ ಟೇಬಲ್ ನಂಬರ್ ಹೇಳಿ ಊಟ ತರಿಸಬೇಕು. ಆ ಕಲೆ ಬಲ್ಲವರು ರಾಯರೊಬ್ಬರೇ, ಅವರೋ ಏಳುವುದಿಲ್ಲ. ತಮಗೆಂದು ತಂದುಕೊಂಡ ಅರ್ಧ ಪೈಂಟ್ ಬಿಯರನ್ನು 1888ರಿಂದ ಶಾಖೆ ಮುಚ್ಚಿದ 1975ರವರೆಗೂ ಎಳೆಯುತ್ತಾರೆ. ಪಬ್ ಆದ ತೊಂಬತ್ತರ ದಶಕಕ್ಕೆ ಬರುವಷ್ಟರಲ್ಲಿ ಮಕ್ಕಳು ಟೊಮೆಟೊ ಸಾಸ್ ನೆಕ್ಕತೊಡಗಿರುತ್ತವೆ.

ಮೊನ್ನೆ ಮಲ್ಲೇಶ್ವರದ ದೊಡ್ಡಮ್ಮ ಒಬ್ಬರ ಸರದಿ. ಅಂತೂ ಅಣಬೆ ಪೈ ಬಂತು. ಚಮಚದಿಂದ ಮುಚ್ಚಳ ಒಡೆದರು, ಹಬೆ ಎದ್ದಿತು, ಮೊದಲ ತುತ್ತು ಬಾಯಿಗೆ ಹೋಯಿತು. ಆಗಲೇ ರಾಯರಿಗೆ ಸ್ವೀನಿ ಟಾಡ್ ನೆನಪಾಗಬೇಕೆ? "ಈ ಪಕ್ಕದಲ್ಲಿ ಅವನ ಕ್ಷೌರದಂಗಡಿ, ಆ ಪಕ್ಕದಲ್ಲಿ ಮಿಸೆಸ್ ಲವೆಟ್ಟಳ ಪೈ ಅಂಗಡಿ. ಕುರ್ಚಿಯಲ್ಲಿ ಕೂತ ಗಿರಾಕಿ ನೆಲಮಾಳಿಗೆಗೆ, ಅಲ್ಲಿಂದ ನೇರ ಪೈಯೊಳಗೆ!"

ದೊಡ್ಡಮ್ಮನ ಚಮಚ ನಿಂತಿತು. "ಇದು ಅಣಬೆ ತಾನೇನಪ್ಪಾ?"

"ಅಯ್ಯೋ, ಅದು ಬರೀ ಕಟ್ಟುಕಥೆ. 1846ರಲ್ಲಿ ವಾರಪತ್ರಿಕೆಯಲ್ಲಿ ಶುರುವಾದ ಧಾರಾವಾಹಿ."

"ಧಾರಾವಾಹಿಯೇ ಇರಲಿ. ತಿನ್ನುವಾಗ ಹೇಳಿದೆಯಲ್ಲ." ತಟ್ಟೆಯನ್ನು ಅಳಿಯನ ಕಡೆ ಸರಿಸಿದರು. "ಚಿಪ್ಸ್ ತರಿಸು. ಆಲೂಗೆಡ್ಡೆ ವಿಚಾರ ಮಾತ್ರ ಏನೂ ಹೇಳಬೇಡ."

ರಾಯರು ಮುಖ ಚಿಕ್ಕದು ಮಾಡಿಕೊಂಡು ಎದ್ದರು. ಅಷ್ಟರಲ್ಲಿ ಪಕ್ಕದ ಮೇಜಿನ ಇಂಗ್ಲಿಷ್ ಮುದುಕರೊಬ್ಬರು ಅವರನ್ನು ತಡೆದು, ಬಹಳ ವಿನಯದಿಂದ ಕೇಳಿದರು: "ಕ್ಷಮಿಸಿ, ತಾವು ಈ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದಿರಾ?"

ಶಾಖೆ ಮುಚ್ಚಿದಾಗ ರಾಯರು ಒಂದನೇ ಕ್ಲಾಸು. ಆದರೂ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಚಿಪ್ಸ್ ಮರೆತು, ಆ ಮೇಜಿಗೇ ಕುರ್ಚಿ ಎಳೆದುಕೊಂಡು ಕೂತರು. "ಮೊದಲು ಛಾವಣಿ ನೋಡಿ" ಎಂದರು.