ಟ್ರೈಪಾಡ್ ಭಾವ

ನಮ್ಮ ಭಾವ ಊರಿಗೆ ಹೊರಟಾಗ ಸ್ಟೆಪ್ನಿ ಮರೆತಾರು, ಟ್ರೈಪಾಡ್ ಮರೆಯುವವರಲ್ಲ. ಸಿಗ್ನಲ್‌ನಲ್ಲಿ ಹಸಿರು ಬೀಳುವ ಮೊದಲೇ ಹಾರ್ನ್ ಒತ್ತುವ, ಅಕ್ಕ ಸೀರೆ ಉಡುವಷ್ಟು ಹೊತ್ತೂ ತಡೆಯದ ಈ ಮನುಷ್ಯ ಜಲಪಾತ ಕಂಡೊಡನೆ ತಪಸ್ಸಿಗೆ ಕೂರುತ್ತಾರೆ. ನೀರು ಹಾಲಾಗಬೇಕು. ಅದೂ ಫೋನಿನಲ್ಲೇ.

ಸಿರಿಮನೆ ಜಲಪಾತದ ದಾರಿಯಲ್ಲಿ ಕಿಗ್ಗದ ಋಷ್ಯಶೃಂಗನ ಗುಡಿ ಸಿಗುತ್ತದೆ. ಮಳೆ ಬರಲಿ ಅಂತಲೂ ನಿಲ್ಲಲಿ ಅಂತಲೂ ಜನ ಅಲ್ಲಿ ಬೇಡಿಕೊಳ್ಳುತ್ತಾರೆ. ಭಾವನ ಹರಕೆ ಎರಡರ ನಡುವಿನದು: ಮೋಡ ಕವಿದಿರಬೇಕು, ಹನಿ ಉದುರಬಾರದು. ಬಿಸಿಲಿದ್ದರೆ, ನೀರು ಹಾಲಾಗಲೆಂದು ಎರಡು ಸೆಕೆಂಡ್ ಶಟರ್ ತೆರೆದಿಟ್ಟರೂ ಚಿತ್ರ ಪೂರ್ತಿ ಬೆಳ್ಳಗೆ. ಹೆಚ್ಚಿನ ಫೋನುಗಳಲ್ಲಿ ಅಪರ್ಚರ್ ಕಿರಿದು ಮಾಡಲು ಬರುವುದಿಲ್ಲ. ಐಎಸ್‌ಒ 50ಕ್ಕೆ ಇಳಿಸಿದ ಮೇಲೂ ಬೆಳಕು ಹೆಚ್ಚಾದರೆ, ಅದನ್ನು ತಗ್ಗಿಸುವ ಎನ್‌ಡಿ ಫಿಲ್ಟರೇ ಗತಿ. ಭಾವ ಅದನ್ನು ಕೊಂಡಿಲ್ಲ. ಅಕ್ಕನ ತಂಪು ಕನ್ನಡಕ ಇದೆಯಲ್ಲ! ಅದನ್ನು ಲೆನ್ಸಿಗೆ ಅಡ್ಡ ಹಿಡಿಯುವ ಕೆಲಸವೂ ಅಕ್ಕನದೇ.

ಬೆರಳು ತಾಗಿದರೆ ಫೋನ್ ಅದುರುತ್ತದೆಂದು ವೈರಿನ ಇಯರ್‌ಫೋನ್ ಸಿಕ್ಕಿಸಿ, ಅದರ ವಾಲ್ಯೂಮ್ ಗುಂಡಿಯಿಂದಲೇ ಕ್ಲಿಕ್. ಜಲಪಾತದ ಭೋರ್ಗರೆತಕ್ಕೆ ಬೆನ್ನು ಹಾಕಿ ಹಾಡು ಕೇಳುತ್ತಿದ್ದಾರೆಂದು ತಿಳಿದ ಹಿರಿಯರೊಬ್ಬರು ಬೈದೂ ಹೋದರು. ಅಷ್ಟರಲ್ಲಿ ಉಂಬಳವೊಂದು ಭಾವನ ಮೀನಖಂಡ ಹತ್ತಿತ್ತು. ತೋರಿಸಿದರೆ, ತುಟಿ ಅಲ್ಲಾಡಿಸದೆ ಹೇಳಿದರು: “ಇರಲಿ ಬಿಡು, ಎರಡು ಸೆಕೆಂಡಲ್ಲಿ ಎಷ್ಟು ಕುಡಿದೀತು?”

ಸಂಸಾರದವರ ಪಾಡು ಉಂಬಳಕ್ಕಿಂತ ಕಡೆ. ಬಂಡೆಯ ಮೇಲೆ ನಿಲ್ಲಿಸಿ, “ನೀರು ಮಾತ್ರ ಹರಿಯಬೇಕು, ನೀವು ಹರಿಯಬಾರದು” ಎಂದು ಅಪ್ಪಣೆ. ತುಂತುರು ಮುಖಕ್ಕೆ ರಾಚುವಾಗ ಕಣ್ಣು ಮಿಟುಕಿಸದಿರುವುದು ಯಾರಿಂದಾದೀತು? ಬಂಡೆಯ ಪಾಚಿ ಎಳೆಎಳೆಯಾಗಿ ಬಂತು. ಅತ್ತೆಗೆ ಮಾತ್ರ ಒಂದೂವರೆ ಮೂಗು. ಭಾವನಿಗೆ ಅದರ ಬೇಸರವಿಲ್ಲ. “ಸಂಜೆ ಬೆಳಕಲ್ಲಿ ಅರ್ಧ ನಿಮಿಷ ಬಿಟ್ಟರೆ, ಓಡಾಡೋ ಪ್ರವಾಸಿಗಳೆಲ್ಲ ಮಾಯ,” ಎನ್ನುತ್ತಾರೆ. ಅತ್ತೆಯನ್ನೂ ಆ ಲೆಕ್ಕಕ್ಕೆ ಸೇರಿಸಿದ್ದಾರೋ, ಕೇಳುವ ಧೈರ್ಯ ಯಾರಿಗೂ ಇಲ್ಲ.

ಮಗಳು ಒಮ್ಮೆ ತನ್ನ ಐಫೋನ್ ಎತ್ತಿ ಒಂದು ಲೈವ್ ಫೋಟೋ ಹೊಡೆದು, ಲಾಂಗ್ ಎಕ್ಸ್‌ಪೋಶರ್ ಎಂಬಲ್ಲಿ ಬೆರಳಿಟ್ಟಳು. ಕೈಯಲ್ಲಿ ಹಿಡಿದೇ ತೆಗೆದದ್ದು. ಹಾಲು ಹರಿಯಿತು. ಭಾವನ ಮುಖ ಕಪ್ಪಿಟ್ಟಿತು. “ಅದು ಫೋನ್ ಮಾಡಿದ್ದು, ನೀನಲ್ಲ.” ತಾವು ತೆಗೆಯುವುದೂ ಫೋನಿನಲ್ಲೇ ಎಂದು ಯಾರೂ ನೆನಪಿಸಲಿಲ್ಲ. (ಹಾಲಾದ ಜಲಪಾತ ನನಗೇನೂ ಹಿಡಿಸದು. ಎಲ್ಲವೂ ಒಂದೇ ಡೈರಿಯಿಂದ ಬಂದಂತಿರುತ್ತವೆ.)

ಏಪ್ರಿಲ್‌ನಲ್ಲಿ ಎಲ್ಲರೂ ಜೋಗಕ್ಕೆ ಹೋದೆವು. ಶರಾವತಿಯ ನೀರು ಲಿಂಗನಮಕ್ಕಿಯಲ್ಲೇ ನಿಂತಿತ್ತು. 253 ಮೀಟರ್ ಬಂಡೆಯ ಮೇಲೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ವರೂ ಸೇರಿ ಇಳಿಸುತ್ತಿದ್ದುದು ಒಂದೆರಡು ನೂಲೆಳೆ. ನಾವೆಲ್ಲ ಮಂಡಕ್ಕಿ ಅಂಗಡಿಯತ್ತ ತಿರುಗಿದೆವು. ಭಾವ ಟ್ರೈಪಾಡಿನ ಕಾಲು ಬಿಡಿಸುತ್ತಿದ್ದರು.

“ನೀರೇ ಇಲ್ಲವಲ್ಲ ಭಾವ?”

“ಇಲ್ಲದಿದ್ರೇನಾಯ್ತು? ಮೂವತ್ತು ಸೆಕೆಂಡ್ ಬಿಡೋಣ, ಸೇರಿಕೊಳ್ಳುತ್ತೆ. ನಿಮ್ಮಕ್ಕನ ಕನ್ನಡಕ ತಗೊಂಬಾ.”